ಸೀಮೆಎಣ್ಣೆ ಪೆಟ್ಟಿಗೆಯ ಮೇಲಿನ ಸಾರಥಿ

ಸಿನಿಮಾಕ್ಕೆ ಮಾತು ಕೊಟ್ಟದ್ದು ಯಂತ್ರ ಅಂತ ಯಾರಾದರೂ ನನ್ನೆದುರು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮುಂಬಯಿಯ ಸಂಗತಿ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಗಂಗಾವತಿಯಲ್ಲಿ ಮಾತ್ರ ಸಿನಿಮಾಕ್ಕೆ ಮಾತು ಕೊಟ್ಟವನು ಹೊಳಿಯಪ್ಪ. ಅಕ್ಷರ ಬಾರದ ಕೂಲಿಯಾಳು. ಯಲಬುರ್ಗಾ ಸೀಮೆಯ ಮಂಗಳೂರಿನವನು. ಸಮುದ್ರ ಇರುವ ಮಂಗಳೂರಲ್ಲ, ಜೋಳ ಬೆಳೆಯುವ ಮಂಗಳೂರು. ಇದನ್ನೆಲ್ಲ ನನಗೆ ಹೇಳಿದವಳು ಅವನ ಹೆಂಡತಿ ಹುಲಿಗವ್ವ. ಗಂಡನನ್ನು ಹೊಗಳುವಾಗಲೂ ನಡುವೆ ನಾಲ್ಕು ಬೈಗುಳ ಸೇರಿಸದೆ ಆಕೆಗೆ ಸಮಾಧಾನವಿರಲಿಲ್ಲ. ಅದಕ್ಕೇ ಆಕೆಯ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ಊರಲ್ಲಿ ಹೊಳಿಯಪ್ಪ ಹಗಲು ಕೂಲಿ ಮಾಡುತ್ತಿದ್ದ, ದೊಡ್ಡಾಟ ನಡೆದಾಗ ಸಾರಥಿ ಆಗುತ್ತಿದ್ದ. ದೊಡ್ಡಾಟದ ಪದ್ಧತಿಯೇ ಹಾಗೆ. ಎಂಥ ರಾಜನೇ ಬರಲಿ, ಎಂಥ ರಕ್ಕಸನೇ ಬರಲಿ, ರಂಗದ ಮೇಲೆ ಕಾಲಿಟ್ಟ ಕೂಡಲೇ ಸಾರಥಿ ಎದುರು ನಿಂತು ಕೇಳಬೇಕು: ತಾವು ಧಾರು, ಅಂದರೆ ಯಾರು, ತಮ್ಮ ಸ್ಥಳ ಯಾವುದು, ನಾಮಾಂಕಿತವೇನು. ಬಂದವನು ಮೀಸೆ ತಿರುವಿ ತನ್ನ ಊರು, ಹೆಸರು, ಪರಾಕ್ರಮ ಎಲ್ಲವನ್ನೂ ಕೊಚ್ಚಿಕೊಂಡ ಮೇಲೆಯೇ ಆಟ ಮುಂದೆ ಸಾಗುವುದು. ಸಾರಥಿ ಕೇಳದೆ ಒಳಗೆ ಬಂದವನನ್ನು ನಮ್ಮ ಜನ ಪಾತ್ರ ಅಂತಲೇ ಒಪ್ಪುವುದಿಲ್ಲ. ಯಾರೋ ದಾರಿ ತಪ್ಪಿ ಬಂದಿದ್ದಾನೆ ಅಂತ ಸುಮ್ಮನೆ ಕೂರುತ್ತಾರೆ.

೧೯೩೩ರ ಸುಮಾರಿಗೆ ಭತ್ತದ ಕೊಯ್ಲಿಗೆಂದು ಗಂಡ ಹೆಂಡತಿ ಗಂಗಾವತಿಗೆ ಬಂದರು. ಆಗ ಸಂತೆ ಬಯಲಿನಲ್ಲಿ ಉಮರಸಾಬ ಎಂಬವನು ಸಿನಿಮಾ ಡೇರೆ ಹಾಕಿದ್ದ. ಅವನ ಆಸ್ತಿ ಅಂದರೆ ಕೈಯಿಂದ ತಿರುಗಿಸುವ ಒಂದು ಯಂತ್ರ, ಎರಡು ಬಂಡಿ, ನಾಲ್ಕಾರು ಮೂಕ ಚಿತ್ರಗಳ ಡಬ್ಬಿ. ಚಿತ್ರದ ನಡುನಡುವೆ ಪರದೆಯ ಮೇಲೆ ಅಕ್ಷರ ಮೂಡುತ್ತಿದ್ದವು, ಅವೂ ಇಂಗ್ಲಿಷು, ಹಿಂದಿ, ಗುಜರಾತಿ. ಅವನ್ನು ಓದಿ ಕನ್ನಡದಲ್ಲಿ ಹೇಳಲು ಒಬ್ಬ ಗುಮಾಸ್ತನಿದ್ದ. ಹೊಳಿಯಪ್ಪ ಮೊದಲ ಸಲ ಡೇರೆಯೊಳಗೆ ಹೋಗಿ ಕೂತ ಸಂಜೆ ಆ ಗುಮಾಸ್ತ ಚಳಿಜ್ವರ ಬಂದು ಮಲಗಿದ್ದ. ಚಿತ್ರ ತನ್ನಷ್ಟಕ್ಕೆ ಓಡುತ್ತಿತ್ತು, ಜನ ಎಲೆ ಅಡಿಕೆ ಹಾಕಿಕೊಂಡು ತಮ್ಮ ತಮ್ಮ ಮನೆಯ ಮಾತು ಆಡುತ್ತಿದ್ದರು.

ಪರದೆಯ ಮೇಲೆ ಕಿರೀಟ ಹೊತ್ತ ಒಬ್ಬ ರಾಜ ಬಂದ. ಬಂದವನು ಯಾರನ್ನೂ ಕೇಳದೆ ಸಿಂಹಾಸನದ ಮೇಲೆ ಕೂತುಬಿಟ್ಟ. ಹೊಳಿಯಪ್ಪನಿಗೆ ತಡೆಯಲಾಗಲಿಲ್ಲ. ಹತ್ತು ವರ್ಷದ ಅಭ್ಯಾಸ. ನೆಲದ ಮೇಲೆ ಕೂತಿದ್ದವನು ಎದ್ದು ನಿಂತು, ಕೈ ಮುಂದೆ ಚಾಚಿ, ದೊಡ್ಡ ದನಿಯಲ್ಲಿ ಕೇಳಿಯೇಬಿಟ್ಟ: "ಭಳಿರೇ, ಸಭೆಯೊಳಗೆ ಬಂದಿರುವಂಥ ತಾವು ಧಾರು? ತಮ್ಮ ನಾಮಾಂಕಿತವೇನು?"

ಡೇರೆಗೆ ಡೇರೆಯೇ ನಕ್ಕಿತು. ರಾಜ ಬಾಯಿ ಆಡಿಸುತ್ತಿದ್ದ, ದನಿ ಇಲ್ಲ. ಕೇಳಿದ ಮೇಲೆ ಉತ್ತರ ಬಾರದಿದ್ದರೆ ಸಾರಥಿಗೆ ಅವಮಾನ. ಹೊಳಿಯಪ್ಪ ಗಂಟಲು ಬದಲಿಸಿಕೊಂಡು ರಾಜನ ಪರವಾಗಿ ತಾನೇ ಹೇಳಿದ: "ಎಲೈ ಸಾರಥಿ, ಏಳು ಹೊಳೆಯ ಆಚೆಗಿನ ನಾಡನ್ನು ಆಳುವಂಥ ಅರಸು ನಾನೇ ಎಂದು ತಿಳಿ." ರಾಜನ ಬಾಯಿ, ಹೊಳಿಯಪ್ಪನ ದನಿ ಎರಡೂ ಒಂದೇ ಹೊತ್ತಿಗೆ ನಿಂತವು. ನಗುತ್ತಿದ್ದವರು ನಗು ನಿಲ್ಲಿಸಿ ನೆಟ್ಟಗೆ ಕೂತರು. ಮುಂದಿನ ಎರಡು ತಾಸು ಪರದೆಗೆ ಬಂದ ಒಬ್ಬೊಬ್ಬರನ್ನೂ ಅವನು ಬಿಡದೆ ವಿಚಾರಿಸಿದ.

ಆಟ ಮುಗಿದ ಮೇಲೆ ಉಮರಸಾಬ ಅವನ ಭುಜ ಹಿಡಿದುಕೊಂಡ. "ನಾಳಿ ಕೊಯ್ಲಿಗಿ ಹೋಗಬ್ಯಾಡ. ನೀ ಇಲ್ಲೇ ನಿಂದ್ರು," ಅಂದ. ಸೀಮೆಎಣ್ಣೆ ಡಬ್ಬಿಗಳು ಬರುತ್ತಿದ್ದ ಒಂದು ಕಟ್ಟಿಗೆ ಪೆಟ್ಟಿಗೆಯನ್ನು ಪರದೆಯ ಬಲಕ್ಕೆ ಬೋರಲು ಹಾಕಿ, ಅದರ ಮೇಲೆ ನಿಲ್ಲಲು ಹೇಳಿದ. ಬಿದ್ದರೆ ಮೊಣಕಾಲು ತರಚುವಷ್ಟೇ ಎತ್ತರದ ಪೆಟ್ಟಿಗೆ ಅದು. ಹೊಳಿಯಪ್ಪನ ಪಾಲಿಗೆ ಅದು ತಹಸೀಲ್ದಾರನ ಕುರ್ಚಿಗಿಂತ ದೊಡ್ಡದಾಗಿತ್ತು. ಪ್ರತಿದಿನ ಹತ್ತುವ ಮೊದಲು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

ಅಕ್ಷರ ಬಾರದವನು ಕಥೆ ಹೇಗೆ ಹೇಳುತ್ತಿದ್ದ ಅಂತ ಕೇಳಬೇಡಿ. ನೋಡಿ ಹೇಳುತ್ತಿದ್ದ, ನೋಡಿದ್ದನ್ನು ದೊಡ್ಡಾಟದ ಲೆಕ್ಕದಲ್ಲಿ ತೂಗುತ್ತಿದ್ದ. ಒಮ್ಮೆ ಈ ಲೆಕ್ಕ ಭಾರಿ ಕೈಕೊಟ್ಟಿತು. ದೊಡ್ಡಾಟದಲ್ಲಿ ಯಾರ ಮೀಸೆ ದೊಡ್ಡದೋ ಅವನೇ ರಾಜ. ಹೊಸ ಚಿತ್ರವೊಂದರಲ್ಲಿ ಮೀಸೆ ದೊಡ್ಡದಾಗಿದ್ದವನು ಕಳ್ಳ, ರಾಜನ ಮುಖ ನುಣ್ಣಗಿತ್ತು. ಹೊಳಿಯಪ್ಪ ಕಳ್ಳನನ್ನು ಪಟ್ಟಕ್ಕೆ ಏರಿಸಿ, ರಾಜನನ್ನು ಕಳ್ಳ ಮಾಡಿದ. ಎರಡು ದಿನ ಗಂಗಾವತಿಯ ಜನ ಆ ಕಳ್ಳ ಸತ್ತದ್ದಕ್ಕೆ ಗೊಳೋ ಅಂತ ಅತ್ತರು. ಜ್ವರ ಬಿಟ್ಟು ಎದ್ದು ಬಂದ ಗುಮಾಸ್ತ ಅಕ್ಷರ ಓದಿ ನೋಡಿ ಹಣೆ ಹಣೆ ಬಡಿದುಕೊಂಡ.

"ಹೊಳಿಯಪ್ಪ, ನೀ ರಾಜ ಅಂದಿಯಲ್ಲ, ಅಂವ ಕಳ್ಳ ಅಂತ. ಖರೇ ರಾಜನ್ನ ಎರಡು ದಿನದಿಂದ ನೀ ಜೈಲಿಗಿ ಹಾಕಾಕ ಹತ್ತೀದಿ," ಅಂದ ಉಮರಸಾಬ.

"ಮೀಸಿ ನೋಡಿ ಹೇಳೀನ್ರಿ ಸಾಹೇಬ್ರ. ಆ ರಾಜಗ ಮೀಸಿ ಇಲ್ಲಂದ್ರ ತಪ್ಪು ನಂದೇನ್ರಿ?"

ಮೂರನೆಯ ದಿನ ಅವನು ಕಥೆ ಸರಿಮಾಡಿದ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿ ಕರಿಯವ್ವ ಒಂದು ಆಟವನ್ನೂ ಬಿಡುತ್ತಿರಲಿಲ್ಲ. ಹೆಂಗಸರ ಕಡೆಯ ಅಡ್ಡಪರದೆಯ ಹಿಂದಿನಿಂದ ಆಕೆ ಎದ್ದು ನಿಂತಳು. "ನಿನ್ನಿ ತನಕ ಕಳ್ಳ ಇದ್ದಂವ ಇವತ್ತ ಹೆಂಗ ರಾಜ ಆದ್ನೋ ಯಪ್ಪಾ? ಎರಡು ದಿನ ನಾ ಅತ್ತಿದ್ದು ಏನಾತು?" ಅಂದಳು. ಉಳಿದವರೂ ಆಕೆಯ ಜೊತೆ ಸೇರಿದರು. ಹೊಳಿಯಪ್ಪ ಅಲ್ಲಿಯೇ ಕಥೆ ತಿರುಗಿಸಿ ಕಳ್ಳನಿಗೆ ಮತ್ತೆ ಪಟ್ಟ ಕಟ್ಟಿದ. ಗುಮಾಸ್ತ ಬೇರೆ ಕೆಲಸ ಹುಡುಕಿಕೊಂಡ.

ಐದು ವರ್ಷ ಹೀಗೆ ನಡೆಯಿತು. ಡೇರೆ ಕೊಪ್ಪಳಕ್ಕೆ ಹೋಯಿತು, ಕುಷ್ಟಗಿಗೆ ಹೋಯಿತು, ಯಲಬುರ್ಗಾಕ್ಕೆ ಹೋಯಿತು. ಯಾವ ಚಿತ್ರ ಬಂದಿದೆ ಅಂತ ಯಾರೂ ಕೇಳುತ್ತಿರಲಿಲ್ಲ, ಹೊಳಿಯಪ್ಪ ಬಂದಿದ್ದಾನೋ ಅಂತ ಕೇಳುತ್ತಿದ್ದರು. ಉಮರಸಾಬನ ಮನೆಯವರ ಜೊತೆ ಒಡನಾಡಿ ಅವನಿಗೆ ನಾಲ್ಕು ಮಾತು ಉರ್ದುವೂ ಬಂತು. ಹುಲಿಗವ್ವನದು ಮಾತ್ರ ಒಂದೇ ತಕರಾರು. "ನೆಳ್ಳಿನ ಕೂಡ ಮಾತಾಡಿ ಮಾತಾಡಿ ಮನಿಗಿ ಬಂದಾಗ ಬಾಯಾಗ ಒಂದು ಮಾತ ಉಳಿದಿರ್ತಿದ್ದಿಲ್ಲ ನೋಡ್ರಿ," ಎಂದಳು ನನಗೆ.

೧೯೩೮ರಲ್ಲಿ ಮಾತಾಡುವ ಚಿತ್ರದ ಯಂತ್ರ ಬಂತು. ಅದರ ಜೊತೆ ಧಡಧಡ ಅನ್ನುವ ಆಯಿಲ್ ಎಂಜಿನ್ನು, ಎಂಜಿನ್ನಿನ ಜೊತೆ ಹೊಸಪೇಟೆಯ ಆಪರೇಟರ್ ಕೊಟ್ರಪ್ಪ. ಕಿಸೆಯಲ್ಲಿ ಬಾಚಣಿಗೆ ಇಟ್ಟುಕೊಂಡವನು, ಕೆಟ್ಟವನಲ್ಲ, ಆದರೆ ಯಂತ್ರಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇಲ್ಲ ಅಂತ ತಿಳಿದವನು. ಬಂದ ದಿನವೇ ಅವನು ಉಮರಸಾಬನಿಗೆ ಹೇಳಿದ: "ಇನ್ನ ಡೇರೆದಾಗ ಯಾರೂ ಪಿಟ್ಟ್ ಅನ್ನಬಾರದ್ರಿ. ಚಿತ್ರನ ಮಾತಾಡ್ತೈತಿ. ನಡುವ ಈ ಒದರೋ ಮನುಷ್ಯಾ ಯಾಕ ಬೇಕು?" ದನಿ ಬರುವ ದೊಡ್ಡ ಕಹಳೆಯನ್ನು ಪರದೆಯ ಪಕ್ಕ ಸ್ವಲ್ಪ ಎತ್ತರದಲ್ಲಿ ಇಡಬೇಕಾಗಿತ್ತು. ಕೊಟ್ರಪ್ಪ ಸುತ್ತ ನೋಡಿ, ಹೊಳಿಯಪ್ಪನ ಪೆಟ್ಟಿಗೆಯ ಮೇಲೆ ಅದನ್ನು ಕೂರಿಸಿದ.

ಉಮರಸಾಬನಿಗೆ ಹೊಳಿಯಪ್ಪನ ಮುಖ ನೋಡಲಾಗಲಿಲ್ಲ. ನೆಲ ನೋಡುತ್ತಲೇ ಹೇಳಿದ: "ಮೂರು ದಿನ ನೋಡೂಣು. ಮಂದಿ ಸುಮ್ನ ಕುಂತು ನೋಡಿದ್ರ, ನಿನಗ ಬಂಡಿ ಕೆಲಸ ಐತಿ. ಊರಾಗ ಸಾರಿಕೋತ ಬಾ." ಅಂದರೆ ಪೆಟ್ಟಿಗೆ ಹೋಯಿತು, ಇನ್ನು ಬೀದಿ ಬೀದಿ ತಿರುಗಿ ಚಿತ್ರದ ಹೆಸರು ಕೂಗುವುದು. ಹೊಳಿಯಪ್ಪ ಹೂಂ ಅಂದ. ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು, ಚಿತ್ರವೇ ಮಾತಾಡುತ್ತದೆ, ಬಂದು ಕೇಳಿರಿ ಅಂತ ಗಂಗಾವತಿಯ ಓಣಿ ಓಣಿಯಲ್ಲಿ ಸಾರಿದ. ಹುಲಿಗವ್ವ ಬಾಗಿಲಲ್ಲಿ ನಿಂತು ಬೈದಳು: "ನಿನ್ನ ಹೆಣದ ಮುಂದ ನೀನ ಹಲಗಿ ಬಡಕೊಂಡು ಹೊಂಟಿಯಲ್ಲೋ."

ಆಟಕ್ಕೆ ಮೊದಲು ಎರಡು ಸಂಜೆ ಕೊಟ್ರಪ್ಪ ಯಂತ್ರದ ಪರೀಕ್ಷೆ ನಡೆಸಿದ. ಹೊಳಿಯಪ್ಪ ಹೊರಗೆ ಡೇರೆಯ ಹಗ್ಗ ಬಿಗಿಯುವ ನೆಪದಲ್ಲಿ ಬಟ್ಟೆಗೆ ಕಿವಿ ಹಚ್ಚಿ ಕೂತ. ಒಂದು ಮುಖವನ್ನೂ ನೋಡಲಿಲ್ಲ. ಯಾವಾಗ ಹೆಜ್ಜೆ ಸಪ್ಪಳ, ಯಾವಾಗ ಕೆಮ್ಮು, ಯಾವ ಹಾಡು ಮುಗಿದ ಮೇಲೆ ಎಷ್ಟು ಹೊತ್ತು ಮೌನ, ಎಲ್ಲವೂ ಅವನ ಕಿವಿಯಲ್ಲಿ ಕೂತವು. ಯಾಕೆ ಕೇಳುತ್ತಿದ್ದೇನೆ ಅಂತ ಅವನಿಗೂ ಗೊತ್ತಿರಲಿಲ್ಲವಂತೆ.

ಮೊದಲ ಆಟಕ್ಕೆ ಡೇರೆ ಹಿಡಿಸದಷ್ಟು ಜನ. ದೀಪ ಹಚ್ಚುವ ಹೊತ್ತಿಗೆ ಚಿತ್ರ ಶುರುವಾಯಿತು. ಕಹಳೆಯಿಂದ ದನಿ ಬಂದಾಗ ಜನ ಒಮ್ಮೆ ಹೌಹಾರಿದರು, ಆಮೇಲೆ ಹಿಗ್ಗಿದರು. ಕೊಟ್ರಪ್ಪ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಹತ್ತು ನಿಮಿಷ ಕಳೆಯಿತು. ಪರದೆಯ ಮೇಲೆ ಒಬ್ಬ ಯುವಕ ಬಂದ, ಒಬ್ಬ ಹುಡುಗಿ ಬಂದಳು, ಇನ್ನಿಬ್ಬರು ಬಂದರು. ಎಲ್ಲರೂ ಹಿಂದಿಯಲ್ಲಿ ಬಡಬಡ ಮಾತಾಡಿದರು. ಕಚೇರಿಯಲ್ಲಿ ಕೆಲಸ ಮಾಡುವ ನಾಲ್ಕು ಜನಕ್ಕೆ ತಿಳಿದಿರಬಹುದು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕರಿಯವ್ವ ಅಡ್ಡಪರದೆ ಸರಿಸಿಕೊಂಡು ಹೊರಗೆ ಬಂದಳು. ಸೀದಾ ಮುಂದೆ ನಡೆದು, ಕಹಳೆಯ ಎದುರು ನಿಂತು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಯಾರಪಾ ನೀವೆಲ್ಲ? ಹೇಳದ ಕೇಳದ ಒಳಗ ಬಂದು ಮಾತಾಡಾಕ ಹತ್ತೀರಲ್ಲ." ಕಹಳೆ ಆಕೆಗೆ ಕಿವಿಗೊಡದೆ ತನ್ನ ಪಾಡಿಗೆ ಮಾತಾಡುತ್ತಲೇ ಇತ್ತು. ಆಕೆ ಜನರ ಕಡೆ ತಿರುಗಿದಳು. "ಇದಕ್ಕ ಮರ್ಯಾದಿ ಗೊತ್ತಿಲ್ಲ. ಸಾರಥಿ ಎಲ್ಲಿ ಅದಾನ?"

"ಸಾರಥಿ ಎಲ್ಲಿ?" ಅಂತ ಹಿಂದಿನವರು ಕೂಗಿದರು. ಸುಮ್ಮನಿರಿ ಅಂತ ಕೊಟ್ರಪ್ಪ ಗದರಿದ. ಅವನ ಮಾತು ಕೇಳುವವರು ಯಾರು? ಅರ್ಧ ಜನ ಎದ್ದು ಧೋತರ ಕೊಡವಿಕೊಳ್ಳತೊಡಗಿದರು.

ಉಮರಸಾಬ ಹೊರಗೆ ಓಡಿದ. ಹೊಳಿಯಪ್ಪ ಬಂಡಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಒಳಗಿನ ಕೂಗು ಅವನಿಗೆ ಕೇಳಿಸಿತ್ತು. ಆದರೂ ಏಳಲಿಲ್ಲ.

"ನಡಿಯೋ, ಮಂದಿ ಕರಿಯಾಕ ಹತ್ತೈತಿ," ಅಂದ ಉಮರಸಾಬ.

"ನನ್ನ ಪೆಟ್ಟಿಗಿ ಮ್ಯಾಲೆ ಅದು ಕುಂತೈತ್ರಿ ಸಾಹೇಬ್ರ. ಮೊದಲ ಅದನ್ನ ಇಳಸ್ರಿ."

ಉಮರಸಾಬ ಒಳಗೆ ಹೋದ. ಎಲ್ಲರೂ ನೋಡುತ್ತಿದ್ದ ಹಾಗೆ ಕಹಳೆಯನ್ನು ತಾನೇ ಎತ್ತಿ ಕೆಳಗಿಟ್ಟ. ತನ್ನ ಹೆಗಲ ಮೇಲಿನ ವಲ್ಲಿಯಿಂದ ಪೆಟ್ಟಿಗೆಯ ಧೂಳು ಒರೆಸಿದ. ಈ ಮಾತು ಹೇಳುವಾಗ ಹುಲಿಗವ್ವ ಬೈಯಲಿಲ್ಲ.

ಹೊಳಿಯಪ್ಪ ಬಂದು ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದ. ಕೂಡಲೇ ಬಾಯಿ ತೆರೆಯಲಿಲ್ಲ. ಹಾಡೊಂದು ನಡೆಯುತ್ತಿತ್ತು, ತೊಡೆಯ ಮೇಲೆ ತಾಳ ಹಾಕುತ್ತ ಅದನ್ನು ಪೂರ್ತಿ ಹಾಡಲು ಬಿಟ್ಟ. ಹಾಡು ಮುಗಿಯಿತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು, ಒಂದು ಕೆಮ್ಮು. ಇನ್ನು ಎಷ್ಟು ಹೊತ್ತು ಮೌನವಿದೆ ಅಂತ ಅವನಿಗೆ ಗೊತ್ತಿತ್ತು. ಜರಿ ರುಮಾಲಿನ ಯಜಮಾನನೊಬ್ಬ ಮೆಟ್ಟಿಲಿಳಿದು ಬರುತ್ತಿದ್ದ. ಹೊಳಿಯಪ್ಪ ಕೈ ಚಾಚಿದ.

"ಭಳಿರೇ, ಮೆಟ್ಟಿಲಿಳಿದು ಬರುವಂಥ ತಾವು ಧಾರು? ತಮ್ಮ ನಾಮಾಂಕಿತವೇನು?"

ಅವನ ಮಾತು ಮುಗಿಯಿತು. ಆ ಕ್ಷಣಕ್ಕೇ ಯಜಮಾನ ತಲೆಯೆತ್ತಿ, ಕಹಳೆ ತುಂಬುವ ದನಿಯಿಂದ ಹಿಂದಿಯಲ್ಲಿ ನಾಲ್ಕು ಮಾತು ಗುಡುಗಿದ.

ಹೊಳಿಯಪ್ಪ ಜನರ ಕಡೆ ತಿರುಗಿದ. "ಈ ನಾಡಿನ ಜಮೀನ್ದಾರ ನಾನೇ ಎಂದು ತಿಳಿ ಅಂತಾನ," ಅಂದ. ಆಗ ಎದ್ದ ಗದ್ದಲಕ್ಕೆ ಬಂಡಿಯ ಎತ್ತುಗಳು ಬೆದರಿದವಂತೆ. ಎದ್ದು ನಿಂತವರೆಲ್ಲ ಕೂತರು. ಜಮೀನ್ದಾರನ ನಂತರ ಅವನ ಮಗ, ಮಗನ ನಂತರ ಸೊಸೆ, ಒಬ್ಬರನ್ನೂ ಹೊಳಿಯಪ್ಪ ಕೇಳದೆ ಬಿಡಲಿಲ್ಲ. ಅವನು ಯಾರನ್ನು ಕೇಳಿದರೂ ಅವರು ಪರದೆಯಿಂದ ಉತ್ತರ ಕೊಟ್ಟರು. ಅರ್ಧ ಆಟ ಮುಗಿಯುವಷ್ಟರಲ್ಲಿ ಕೊಟ್ರಪ್ಪ ತಾನಾಗಿಯೇ ಯಂತ್ರದ ತಿರುಪಿನ ಮೇಲೆ ಬೆರಳಿಟ್ಟುಕೊಂಡು, ಹೊಳಿಯಪ್ಪ ಮಾತಾಡಿದಾಗ ದನಿ ತಗ್ಗಿಸುತ್ತಿದ್ದ, ಮುಗಿಸಿದಾಗ ಏರಿಸುತ್ತಿದ್ದ.

ಮುಂದೆ ಎಂಟು ವರ್ಷ, ೧೯೪೬ರ ತನಕ, ಆ ಕಹಳೆ ನೆಲದ ಮೇಲೆಯೇ ಇತ್ತು. ಕುಷ್ಟಗಿಯಲ್ಲಿ ಹೊಳಿಯಪ್ಪ ಬರುವುದು ತಡವಾದರೆ ಕೊಟ್ರಪ್ಪ ಎಂಜಿನ್ನು ಶುರು ಮಾಡುತ್ತಿರಲಿಲ್ಲ. ಹೊಳಿಯಪ್ಪನ ಊರು ಮಂಗಳೂರಿನಲ್ಲಿ ಡೇರೆ ಹಾಕಿದಾಗ ಅವನ ಹಳೆಯ ದೊಡ್ಡಾಟದ ಮೇಳದವರೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂತರು. ನಮ್ಮ ಸಾರಥಿ ಅಂತ ಪಕ್ಕದ ಹಳ್ಳಿಯವರಿಗೆಲ್ಲ ಹೇಳಿಕೊಂಡರು.

ಕಹಳೆ ಕೆಳಗಿಳಿದ ಆ ಮೊದಲ ದಿನ ಮನೆಗೆ ಬಂದ ಹೊಳಿಯಪ್ಪ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಗುತ್ತ ಕೂತಿದ್ದನಂತೆ. ಪೆಟ್ಟಿಗೆ ತಿರುಗಿ ಸಿಕ್ಕಿತೆಂದು ನಗುತ್ತಿದ್ದಾನೆ ಅಂತ ಹುಲಿಗವ್ವ ತಿಳಿದಳು, ಕೇಳಿಯೂ ಬಿಟ್ಟಳು.

"ಪೆಟ್ಟಿಗಿ ಅಲ್ಲ," ಅಂದ ಹೊಳಿಯಪ್ಪ. "ಐದು ವರ್ಷ ನಾನ ಕೇಳ್ತಿದ್ದೆ, ನಾನ ಹೇಳ್ತಿದ್ದೆ. ಇವತ್ತ ನಾ ಕೇಳಿದೆ, ಅಂವ ಹೇಳಿದ, ಹುಲಿಗವ್ವಾ."