ದೊರೆ ತಟ್ಟೆಯ ಹಿಡಿ ಅಕ್ಕಿ

ಆಗಿನ್ನೂ ನಮ್ಮ ಅಗಳಿ ಕಡೆಯ ಹೆಣ್ಣುಮಕ್ಕಳು ಮದುವೆಯಾಗದೆ ಊರು ಬಿಡುತ್ತಿರಲಿಲ್ಲ. ರಾಯದುರ್ಗದಲ್ಲಿ ಮನೆಮನೆಗೂ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ ಬಂದಿದೆ, ಸ್ವಂತ ಮಿಷನ್ ಇದ್ದವರು ಬದುಕಿಕೊಂಡರು ಎಂಬ ಸುದ್ದಿ ಬಂತು ನೋಡಿ, ನಮ್ಮ ಗೌರತ್ತೆಯ ಮನಸ್ಸು ನಿಲ್ಲಲಿಲ್ಲ. ಅಪ್ಪನ ತಂಗಿ ಅವಳು. ನನ್ನ ಜಡೆ ಹೆಣೆಯುತ್ತಿದ್ದವಳು, ಹಸಿ ಕಡಲೆಕಾಯಿ ಸುಟ್ಟು ಮೊದಲ ಪಾಲು ನನ್ನ ಲಂಗಕ್ಕೆ ಸುರಿಯುತ್ತಿದ್ದವಳು.

ಮಿಷನ್ನಿಗಾಗಿ ಮಾರಬಹುದಾಗಿದ್ದದ್ದು ಒಂದೇ, ದೊರೆ ತಟ್ಟೆ. ಅಜ್ಜಿಯ ಮಾವ ಯಾವುದೋ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಯವನಾಗಿದ್ದನಂತೆ; ದೊರೆ ತನ್ನ ಸೀಮೆಗೆ ಹೊರಡುವಾಗ ಕೊಟ್ಟು ಹೋದದ್ದು. ಮೊಟ್ಟೆಯಾಕಾರದ ಬೆಳ್ಳಿ ತಟ್ಟೆ, ಮೇಲೊಂದು ಮುಚ್ಚಳ. ಮುಚ್ಚಳದ ಹಿಡಿ ತಿರುಗಿಸಿ ತೆಗೆದರೆ ಮುಚ್ಚಳವೂ ಒಂದು ತಟ್ಟೆ. ದೊರೆ ಅದರಲ್ಲಿ ಏನೇನು ತಿನ್ನುತ್ತಿದ್ದನೋ ಶಿವನೇ ಬಲ್ಲ. ತಳದಲ್ಲಿ ಪುಟ್ಟ ಸಿಂಹದ ಮುದ್ರೆಯಿತ್ತು. ಅದು ದೇವಿ ಚೌಡಮ್ಮನ ಸಿಂಹವೆಂದು ಅಜ್ಜಿ ಹುಣಸೆಹಣ್ಣಿನಿಂದ ತಿಕ್ಕಿ ಕುಂಕುಮವಿಡುತ್ತಿದ್ದಳು.

ನಮ್ಮ ಮನೆಯಿಂದ ಹೋದ ಹೆಣ್ಣುಮಕ್ಕಳೆಲ್ಲ ಮಡಿಲಕ್ಕಿ ಪಡೆದದ್ದು ಆ ತಟ್ಟೆಯಿಂದಲೇ. ಸೆರಗು ತುಂಬಿದ ಮೇಲೆ ಮಗಳು ಒಂದು ಹಿಡಿ ಅಕ್ಕಿಯನ್ನು ತಟ್ಟೆಗೆ ಮರಳಿಸಬೇಕು, ಅದನ್ನು ಮನೆಯ ಅಕ್ಕಿ ಗಡಿಗೆಗೆ ಸುರಿಯಬೇಕು. ಆ ಹಿಡಿ ಮನೆಯಲ್ಲಿದ್ದರೆ ಮಗಳು ತಿರುಗಿ ಬರುತ್ತಾಳೆ ಎಂದು ನಂಬಿಕೆ.

“ನಂಗೂ ಮಡಿಲು ತುಂಬವ್ವ,” ಅಂದಳು ಗೌರತ್ತೆ, ಹೊರಡುವ ದಿನ.

“ತಾಳಿ ಇಲ್ದೆ ಹೋಗೋಳಿಗೆ ಎಂಥ ಮಡಿಲಕ್ಕಿ ಕಣೆ?” ಅಜ್ಜಿ ಮುಖ ತಿರುಗಿಸಿದಳು. ಅತ್ತೆ ಸೀರೆ ಮಡಚಿಕೊಂಡಳು.

ರಾಯದುರ್ಗದ ಛತ್ರವೊಂದರಲ್ಲಿ ಹಳೆ ಸಾಮಾನುಗಳ ಹರಾಜು ಸವಾಲು ನಡೆಯುತ್ತಿತ್ತು. ಗಡಿಯಾರ, ತೂಗುಮಂಚ, ನಿಲುವುಗನ್ನಡಿಗಳ ನಡುವೆ ಅಜ್ಜಿ, ಅತ್ತೆ, ನಾನು ಮೂವರೂ ತಟ್ಟೆ ಇಟ್ಟುಕೊಂಡು ಕುಳಿತೆವು. ಕೊಳ್ಳುವವರು ಬಂದು ತಿರುಗಿಸಿ ಮುರುಗಿಸಿ ನೋಡಿ ಹೋದರು. ಹೊರಗಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬರುತ್ತಿತ್ತು. ಬೇಕೆಂದು ಕೇಳುವ ಧೈರ್ಯ ನಾನು ಮಾಡಲಿಲ್ಲ. ಸವಾಲು ಕೂಗುವವನು ತಾನು ನಿಂತಲ್ಲಿಂದಲೇ, “ಮುಂದಿಂದು ನಿಮ್ದ ಐತ್ರಿ ಅವ್ವಾರ, ತಯಾರಿರ್ರಿ,” ಅಂದ.

ಅಷ್ಟೇ. ಅಜ್ಜಿ ಅತ್ತೆಯ ಊಟಕ್ಕೆಂದು ತಂದಿದ್ದ ಅಕ್ಕಿ ಚೀಲ ಬಿಚ್ಚಿ ತಟ್ಟೆ ತುಂಬಿಸಿದಳು.

“ಬಾರೆ ಇಲ್ಲಿ. ಸೆರಗೊಡ್ಡು.”

ಛತ್ರದ ಜನವೆಲ್ಲ ನೋಡುತ್ತಿತ್ತು. ಅತ್ತೆ ಮಂಡಿಯೂರಿ ಸೆರಗೊಡ್ಡಿದಳು, ಅಜ್ಜಿ ಅಕ್ಕಿ ಸುರಿದ ಮೇಲೆ ಅಳುತ್ತಲೇ ಒಂದು ಹಿಡಿ ಅಕ್ಕಿಯನ್ನು ತಟ್ಟೆಗೆ ಮರಳಿಸಿದಳು. ಅಷ್ಟರಲ್ಲಿ ಸವಾಲಿನವರ ಆಳು ಬಂದು ಮುಚ್ಚಳ ಮುಚ್ಚಿ ಎತ್ತಿಕೊಂಡು ಹೋದ.

ಒಂದು ಸಾರಿ, ಎರಡು ಸಾರಿ ಎನ್ನುತ್ತಾ ಮೂರನೆಯ ಸಾರಿಗೆ ತಟ್ಟೆ ಪರ ಊರಿನ ವ್ಯಾಪಾರಿಯೊಬ್ಬನ ಪಾಲಾಯಿತು. ಅವನು ಮುಚ್ಚಳ ತೆಗೆಯಲೇ ಇಲ್ಲ. ಪೇಪರಿನಲ್ಲಿ ಸುತ್ತಿಸಿ ಕಾರಿನಲ್ಲಿಟ್ಟುಕೊಂಡು ಹೋದ. ಸಂಜೆಯೊಳಗೆ ಅತ್ತೆಗೆ ಮಿಷನ್ ಬಂತು, ಬಾಡಿಗೆಗೊಂದು ಕೋಣೆಯೂ ಸಿಕ್ಕಿತು.

ಊರಿಗೆ ಮರಳಲು ನಾವಿಬ್ಬರೂ ಮಡಕಶಿರಾ ಬಸ್ಸು ಹತ್ತಿದ ಮೇಲೆ ಅಜ್ಜಿ ಹಣೆ ಚಚ್ಚಿಕೊಂಡಳು. “ಅಯ್ಯೋ ಅಮ್ಮಿ, ಗೌರಿ ಅಕ್ಕಿ ಅದರಾಗೇ ಹೋಯ್ತಲ್ಲೇ!”

ಅತ್ತೆ ಬದುಕಿಕೊಂಡಳು, ನಿಜ. ಅಲ್ಲೇ ಮದುವೆ, ಅಲ್ಲೇ ಮಕ್ಕಳು. ಈಗ ಅವಳ ಮಾತೂ ಅಲ್ಲಿಯದೇ. ಊರಿಗೆ ಕರೆದರೆ, “ಬರತೀನವ್ವ, ಯಾಕ ಬರಂಗಿಲ್ಲ?” ಅನ್ನುತ್ತಾಳೆ. ಬರುವುದಿಲ್ಲ. ನನಗೆ ಜಡೆ ಹೆಣೆಯುತ್ತಿದ್ದವಳ ಮನೆಗೆ ನಾನೀಗ ನೆಂಟರವಳು.

ಬೆಳ್ಳಿ ಹೋಯಿತೆಂದು ಅಜ್ಜಿ ಒಂದು ದಿನವೂ ಮರುಗಲಿಲ್ಲ. ರಾಗಿ ಮುದ್ದೆಯ ಮನೆ ನಮ್ಮದು, ಹಬ್ಬಕ್ಕೇ ಅಕ್ಕಿ ಗಡಿಗೆ ತೆರೆಯುತ್ತಿದ್ದುದು. ಸಾಯುವ ತನಕ ಪ್ರತಿ ಹಬ್ಬಕ್ಕೂ ಅದರೊಳಗೆ ಕೈಯಿಟ್ಟು ಅವಳು ಅನ್ನುತ್ತಿದ್ದಳು: “ಎಲ್ಲಾರ್ದೂ ಐತೆ ಕಣಮ್ಮಿ. ಗೌರೀದೊಂದಿಲ್ಲ.”