ಗುರುಲಿಂಗಪ್ಪನ ಕೂತ ಅಳತೆ

ಲೊಂಬಾರ್ಡಿನ ಗುರುಲಿಂಗಪ್ಪ ಮೂವತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ತೆಗೆಯುವ ಮನುಷ್ಯ. ಅವನ ಕಣ್ಣು ಎಷ್ಟು ಸೂಕ್ಷ್ಮವೆಂದರೆ, ಹೊಟ್ಟೆಯ ಚಿತ್ರ ನೋಡಿ, ನಿನ್ನೆ ಪಕ್ಕದೂರು ಲೆಮಾಂಟಿನ ಗುಡಿಯಲ್ಲಿ ಪುಳಿಯೋಗರೆಗೆ ನೀವು ಎಷ್ಟು ಸಲ ಸಾಲು ನಿಂತಿರೆಂದು ಹೇಳಿಬಿಡುತ್ತಾನೆ. ಸುಳ್ಳೆನ್ನುವವರು ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ. ಇಷ್ಟು ಜನರ ಒಳಗನ್ನು ಕಂಡವನಿಗೆ ಮನೆಯೊಳಗೆ ಮಾತಿಗೊಬ್ಬರಿರಲಿಲ್ಲ. ಹೆಂಡತಿ ಜಯದೇವಿ ಹೋಗಿ ಮೂರು ಚಳಿಗಾಲ. ಮಗಳು ಚೇತನಾ ಮುನ್ನೂರು ಮೈಲಿಯಾಚೆ, ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ. ಡೆಟ್ರಾಯ್ಟಿನ ಕಾರುಗಳಿಗೆ ಸೀಟು ಡಿಸೈನ್ ಮಾಡುವವಳು.

ಅವನಿಗೊಂದು ಕೊರಗಿತ್ತು. ಅವರ ಕಡೆಯ ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಹೊತ್ತು, ಕೂರಿಸಿಯೇ ಮಣ್ಣು ಕೊಡುತ್ತಾರೆ. ಗುಳೇದಗುಡ್ಡದಲ್ಲಿ ಅವನ ಅಜ್ಜ ಹೂ ಕಟ್ಟಿದ ವಿಮಾನದಲ್ಲಿ, ನಾಲ್ವರ ಹೆಗಲ ಮೇಲೆ, ಎಷ್ಟು ನೆಟ್ಟಗೆ ಕೂತು ಹೊರಟಿದ್ದನೆಂದರೆ, ದಾರಿಯಲ್ಲಿ ಹೋಟೆಲಿನವನು ಚಹಾ ತಂದು ಹಿಡಿದನಂತೆ. ಅಜ್ಜ ಬೇಡವೆನ್ನಲಿಲ್ಲವೆಂದು ಜೊತೆಗೆ ಮಂಡಕ್ಕಿಯನ್ನೂ ತಂದನಂತೆ. ಜಯದೇವಿಯ ಸರದಿ ಬಂದಾಗ ಇಲ್ಲಿನ ಸ್ಮಶಾನದವನು ಪೆಟ್ಟಿಗೆಯಲ್ಲಿ ಮಲಗಿಸಿಯೇ ಹೂಳಬೇಕು, ನಿಯಮ ಎಂದ. ಚೇತನಾ ಬಿಕ್ಕುತ್ತಿದ್ದಳು. ಗುರುಲಿಂಗಪ್ಪ ವಾದಕ್ಕಿಳಿಯದೆ ಹ್ಞೂಂ ಎಂದುಬಿಟ್ಟ. ಜಯದೇವಿಯನ್ನು ಮಲಗಿಸಿದರು.

ತನ್ನನ್ನಾದರೂ ಕೂರಿಸು ಎಂದು ಮಗಳಿಗೆ ಹೇಳಬೇಕಿತ್ತು. ವಾರವಾರವೂ ಅದಕ್ಕೆಂದೇ ಫೋನ್ ಮಾಡಿ, ನಿಮ್ಮಲ್ಲಿ ಸ್ನೋ ಎಷ್ಟಿಂಚು ಬಿತ್ತೆಂದು ಕೇಳಿ ಇಟ್ಟುಬಿಡುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮ್ಯೂಸಿಯಮ್ಮಿನ ಇಶಾ ಎಂಬ ಹುಡುಗಿ ಆಸ್ಪತ್ರೆಗೆ ಹೊಸ ಪೇಶಂಟನ್ನು ತಂದಳು. ಪೆರು ದೇಶದ, ಇಂಕಾ ಕಾಲದ, ಐನೂರು ವರ್ಷದ ಮಮ್ಮಿ. ಸುತ್ತಿದ ಬಟ್ಟೆ ಬಿಚ್ಚದೆ ಒಳಗೆ ಯಾರಿದ್ದಾರೆಂದು ನೋಡಬೇಕಿತ್ತು. ಜೋಳದ ಚೀಲದಂಥ ಆ ಗಂಟನ್ನು, ಅಲುಗದಂತೆ ಫೋಮ್ ಒತ್ತಿ, ಮೇಜಿನ ಮೇಲೆ ಅಂಗಾತ ಮಲಗಿಸಿದರು. ಹುಟ್ಟಿದ ದಿನಾಂಕ ಕೊಡದೆ ಯಂತ್ರ ಮುಂದೆ ಹೋಗದು. ಐನೂರು ವರ್ಷವನ್ನಂತೂ ಅದು ಒಪ್ಪಲೇ ಇಲ್ಲ.

“ಏನಾದ್ರೂ ಹಾಕಿ ಅಂಕಲ್, ಅವರೇನು ಕಂಪ್ಲೇಂಟ್ ಮಾಡಲ್ಲ” ಎಂದಳು ಇಶಾ.

ಬೆರಳುಗಳು ತಾವೇ ಒಂದು ದಿನಾಂಕ ಒತ್ತಿದವು. ಕಾಯಿಲೆಯ ಎರಡು ವರ್ಷ ಫಾರಮ್ಮು ಫಾರಮ್ಮಿನಲ್ಲೂ ಅವನೇ ಬರೆದಿದ್ದ ಜಯದೇವಿಯ ದಿನಾಂಕ. ಅದನ್ನು ಅಳಿಸಲು ಮತ್ತೆ ಬೆರಳೇಳಲಿಲ್ಲ.

ಚಿತ್ರ ಬಂತು. ನಡುವಯಸ್ಸಿನ ಹೆಂಗಸು, ಮಂಡಿಗಳನ್ನು ಎದೆಗೆ ಮಡಿಸಿಕೊಂಡಿದ್ದಾಳೆ. ಗುರುಲಿಂಗಪ್ಪ ಮೌಸ್ ಹಿಡಿದು ಚಿತ್ರವನ್ನು ನಿಧಾನವಾಗಿ ತಿರುಗಿಸಿದ. ಮೇಜಿನ ಮೇಲೆ ಮಲಗಿದ್ದವಳು ಪರದೆಯ ಮೇಲೆ ಎದ್ದು ಕೂತಳು.

ಅವರಲ್ಲಿ ಹೀಗೇ ಕೂರಿಸುತ್ತಿದ್ದರೆಂದು ಇಶಾ ವಿವರಿಸಿದಳು.

“ನಮ್ಮಾಗೂ ಹಿಂಗ ಐತಿ” ಎಂದ. ತಮಾಷೆಯೆಂದುಕೊಂಡು ಅವಳು ನಕ್ಕಳು. ಅವನೂ ನಕ್ಕ, ಯಾರಿಗೆ ಬಿಡಿಸಿ ಹೇಳುವುದು? ಚಿತ್ರದ ಒಂದು ಪ್ರತಿಯನ್ನು ಮಾತ್ರ ಕೇಳಿ ಪಡೆದ.

ಮುಂದಿನ ಶನಿವಾರ ಫೋನ್ ಮಾಡದೆ ಕಾರು ತೆಗೆದ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಮಗಳ ಅಡುಗೆಮನೆಯಲ್ಲಿ ಒಂದೂ ನೆನಪಾಗದೆ ಚಿತ್ರವನ್ನು ಮುಂದಿಟ್ಟ.

“ಡ್ಯಾಡ್, ಹೂ ಈಸ್ ಶಿ?”

ಯಾರೆಂದು ಹೇಳಿದ. ಆಮೇಲೆ ಅಜ್ಜನ ವಿಷಯ, ಕೂರಿಸುವ ವಿಷಯ, ಕೊನೆಗೆ ತನ್ನ ವಿಷಯ ಹೇಳಿದ. ಚೇತನಾ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅಮ್ಮನ ಟೈಮಲ್ಲಿ ಯಾಕೆ ಹೇಳ್ಲಿಲ್ಲ?”

“ನೀ ಅಳಾಕತ್ತಿದ್ದಿ.”

“ಅಮ್ಮನ್ನ ಈಗ...”

“ಆಕಿ ಮಲಗ್ಯಾಳ. ಎಬ್ಬಸೂದು ಬ್ಯಾಡ.”

ಅವಳು ಎದ್ದು ಹೋಗಿ ಆಫೀಸಿನ ಅಳತೆ ಟೇಪು ತಂದಳು. ಎಲ್ಲ ಕಡೆ ಇಲ್ಲವೆಂದಾರು, ಒಂದೊಂದೇ ಸ್ಮಶಾನ ಕೇಳುತ್ತ ಹೋಗುತ್ತೇನೆ, ಕೇಳುವಾಗ ಕೈಯಲ್ಲಿ ಅಳತೆ ಇರಬೇಕು ಎಂದು ಅಪ್ಪನನ್ನು ನೆಲದ ಮೇಲೆ ಕೂರಿಸಿದಳು. ಅವನು ಚಕ್ಕಳಬಕ್ಕಳ ಹಾಕಿ ಬೆನ್ನು ನೆಟ್ಟಗೆ ಮಾಡಿದ. ನೆಲದಿಂದ ನೆತ್ತಿಗೆ ಮೂವತ್ತನಾಲ್ಕು ಇಂಚು. ಬರೆದುಕೊಳ್ಳಲು ಅವಳು ಪೆನ್ನು ತೆಗೆದಳು.

“ತಲಿಗೆ ರುಮಾಲು ಸುತ್ತತಾರವ್ವಾ” ಎಂದ ಗುರುಲಿಂಗಪ್ಪ, “ನಾಕ ಇಂಚ ಹೆಚ್ಚಿಗಿ ಹಿಡಿ.”

ಚೇತನಾ ಮೂವತ್ತೆಂಟು ಎಂದು ಬರೆದುಕೊಂಡಳು.