ಡೆಲ್ಮಾ ಹೂತ ಮೂವತ್ತೆಂಟು ಬಾಟಲಿ

ಬೆಳಗಿನ ಐದೂವರೆ. ಹ್ಯೂಯಾನ್ ಕಣಿವೆಯ ಸೇಬಿನ ತೋಟಗಳ ಮೇಲಿಂದ ಮಂಜು ಇನ್ನೂ ಎದ್ದಿಲ್ಲ. ಡೆಲ್ಮಾ ಕ್ಲೆನೆಟ್ ಅಡುಗೆಮನೆಯ ಮೇಜಿನ ಮುಂದೆ ನಿಂತು, ಹಿಂದಿನ ಸಂಜೆ ಕುದಿಸಿಟ್ಟ ಪೇರ್ ಹಣ್ಣಿನ ಬಾಟಲಿಗಳ ಮುಚ್ಚಳಕ್ಕೆ ಒಂದೊಂದಾಗಿ ಚಮಚದಿಂದ ತಟ್ಟುತ್ತಾರೆ. ಟಿಣ್. ಟಿಣ್. ಟಿಣ್. ಹದಿನಾರನೆಯದು ದಬ್ ಎನ್ನುತ್ತದೆ. ಗಾಳಿ ಹೊಕ್ಕಿದೆ.

"ಇದು ಇವತ್ತಿನ ತಿಂಡಿಗೆ," ಎಂದು ಪಕ್ಕಕ್ಕೆ ಸರಿಸಿ, ರಬ್ಬರ್ ಬೂಟು ತೊಟ್ಟು ಕೋಳಿಗೂಡಿಗೆ ನಡೆಯುತ್ತಾರೆ.

ವಯಸ್ಸು ಅರವತ್ತನಾಲ್ಕು. ಐದು ಎಕರೆ ಜಾಗ, ಮೂವತ್ತೆರಡು ಕೋಳಿ, ಒಂಬತ್ತು ಬಾತು, ಹದಿನಾಲ್ಕು ಮೊಲ, ಎರಡು ಮೇಕೆ. ಕೆಡದಂತೆ ಮುಚ್ಚಿಡುವ ಹಣ್ಣು, ಮಾಂಸ ವರ್ಷಕ್ಕೆ ಆರುನೂರು ಬಾಟಲಿ. ಪೇಟೆಯವರು ಭಾನುವಾರ ಬಂದು, ಕೋಳಿಗಳ ಫೋಟೊ ತೆಗೆದು, ಎಂಥ ನೆಮ್ಮದಿಯ ಬದುಕು ಎನ್ನುತ್ತಾರೆ. ಅವರಲ್ಲಿ ಒಬ್ಬರೂ ಗೂಡಿನ ಹಿಕ್ಕೆ ಕೆರೆದವರಲ್ಲ.

ಮೊಟ್ಟೆ ನಿಲ್ಲಿಸಿದ ಕೋಳಿಗಳನ್ನು ಬೇಸಿಗೆಯ ಕೊನೆಗೆ ಕೊಯ್ದು ಬಾಟಲಿಗೆ ತುಂಬುವುದು ಈ ಮನೆಯ ರೂಢಿ. ಹುಳಿ ಹಣ್ಣಿಗೆ ಕುದಿಯುವ ನೀರು ಸಾಕು. ಮಾಂಸಕ್ಕೆ ಸಾಲದು. ಒತ್ತಡದ ಪಾತ್ರೆಯಲ್ಲಿ, ಮಾಪಕದ ಮುಳ್ಳು ಒಂದು ಗೆರೆಯೂ ಇಳಿಯದಂತೆ ಒಂದೂವರೆ ಗಂಟೆ ಕಾಯಬೇಕು. ದಕ್ಷಿಣಾರ್ಧ ಗೋಳದ ಈ ಕಣಿವೆಯಲ್ಲಿ ಬೇಸಿಗೆ ಮುಗಿಯುವುದು ಫೆಬ್ರವರಿಗೆ; ಈ ಸಲ ಹತ್ತೊಂಬತ್ತು ಕೋಳಿ ಮೂವತ್ತೆಂಟು ಬಾಟಲಿಯಾದವು. ಹನ್ನೊಂದನ್ನು ಡೆಲ್ಮಾ ನೆರೆಯ ಆರು ಮನೆಗಳಿಗೆ ಹಂಚಿದರು.

ಎರಡು ವಾರ ಕಳೆದ ಮೇಲೆ ಗಂಡ ಕೀತ್ ಪಾತ್ರೆ ಒರೆಸುವಾಗ, ಅದು ಬರಿದಾಗಿದ್ದರೂ ಮುಳ್ಳು ಸೊನ್ನೆಗೆ ಇಳಿಯದೆ ಎರಡು ಪೌಂಡ್ ಒತ್ತಡದಲ್ಲೇ ನಿಂತಿರುವುದನ್ನು ಕಂಡರು. ಅಂದರೆ ಮುಳ್ಳು ಸುಳ್ಳು ಹೇಳಿತ್ತು. ಮಾಂಸಕ್ಕೆ ಬೇಕಾದಷ್ಟು ಕಾವು ತಗುಲಿರಲಿಲ್ಲ. ಮಾಪಕ ಜನವರಿಯಲ್ಲಿ ಡೆಲ್ಮಾರ ಕೈ ಜಾರಿ ನೆಲಕ್ಕೆ ಬಿದ್ದಿತ್ತು.

"ಬಿದ್ದಿದ್ದು ನಂಗೊತ್ತಿತ್ತು," ಡೆಲ್ಮಾ ಮುಚ್ಚಿಡುವುದಿಲ್ಲ. "ಹಣ್ಣಿನ ಕಾಲ, ಕೈಗೆ ಬಿಡುವಿಲ್ಲ. ನಾಳೆ ಪರೀಕ್ಷೆ ಮಾಡಿಸೋಣ ಅಂದೆ. ಮರೆತೆ."

"ಎರಡೇ ಪೌಂಡು ತಾನೇ, ಡೆಲ್?" ಎಂದಿದ್ದರು ಕೀತ್. "ಎಲ್ಲಾ ಟಿಣ್ ಅಂತಾವಲ್ಲ."

"ಟಿಣ್ ಅಂದ್ರೆ ಮುಚ್ಚಳ ಗಟ್ಟಿ ಅಂತ ಅಷ್ಟೇ ಕಣೋ ದಡ್ಡ! ಒಳಗೆ ವಿಷ ಇಲ್ಲ ಅಂತಲ್ಲ."

ಕಾವು ಸಾಲದ ಮಾಂಸದಲ್ಲಿ, ಮುಚ್ಚಿದ ಬಾಟಲಿಯೊಳಗೇ ಬೆಳೆಯುವ ರೋಗಾಣುವಿನ ಆ ವಿಷ ವಾಸನೆ ಕೊಡದೆಯೂ ಇರಬಲ್ಲದು. ಒಂದು ಚಮಚ ಸಾಕು, ಉಸಿರು ನಿಲ್ಲಲು. ಡೆಲ್ಮಾ ಆ ಕ್ಷಣವೇ ಗಾಡಿ ಹತ್ತಿದರು. ಆರು ಮನೆಯ ಬಾಗಿಲಲ್ಲೂ ಒಂದೇ ಮಾತು: ತಪ್ಪು ನನ್ನದು, ಬಾಟಲಿ ಕೊಡಿ. ಹತ್ತು ಸಿಕ್ಕವು.

ಹನ್ನೊಂದನೆಯದು ಮರ್ವ್ ಡಿಲ್ಲನ್‌ಗೆ ಕೊಟ್ಟಿದ್ದು. ಎಪ್ಪತ್ತೆಂಟರ ಮರ್ವ್ ನಲವತ್ತು ವರ್ಷ ಸೇಬು ಕಿತ್ತವರು, ಒಂಟಿ.

"ತಿಂದ್ಬಿಟ್ಟೆ ಕಣಮ್ಮ. ನಿನ್ನೆ. ಭಾಳಾ ಚೆನ್ನಾಗಿತ್ತು."

ಡೆಲ್ಮಾ ಮುದುಕನ ರಟ್ಟೆ ಹಿಡಿದು ಗಾಡಿಗೆ ತಳ್ಳಿದರು. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿಯುದ್ದಕ್ಕೂ, ಕಣ್ಣು ಮಂಜಾಗ್ತಿದೆಯಾ, ನಾಲಿಗೆ ಎಳೀತಿದೆಯಾ ಎಂದು ಕೇಳುತ್ತಲೇ ಇದ್ದರು. ಆಸ್ಪತ್ರೆಯ ಗೇಟು ಕಂಡದ್ದೇ ಮರ್ವ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಡೆಲ್, ಗಾಡಿ ತಿರುಗಿಸು. ತಿಂದಿಲ್ಲ. ಮಂಚದ ಕೆಳಗಿದೆ."

"ಏನಂದೆ?"

"ಒಳ್ಳೆ ಕೋಳಿ, ಸುಮ್ನೆ ಎಸೀತೀಯಲ್ಲ ಅಂತ ಬಚ್ಚಿಟ್ಟೆ. ಚಮಚದಲ್ಲಿ ತಟ್ಟಿ ನೋಡ್ದೆ, ಟಿಣ್ ಅಂತು. ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಡೆಲ್ಮಾ ಬೈಯಲು ಬಾಯಿ ತೆರೆದರು. ಬೈಯದೆ ಗಾಡಿ ತಿರುಗಿಸಿದರು. ಕಣಿವೆಯ ಅರ್ಧ ಮನೆಗಳಿಗೆ ಚಮಚದಿಂದ ತಟ್ಟುವುದನ್ನು ಕಲಿಸಿದವರು ಅವರೇ. ಚಮಚ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದನ್ನು ಕಲಿಸಿರಲಿಲ್ಲ.

ಮರುದಿನ ಕೀತ್ ಎದೆಮಟ್ಟದ ಗುಂಡಿ ತೋಡಿದರು. ಮೂವತ್ತೆಂಟನ್ನೂ ಮುಚ್ಚಳ ತೆಗೆಯದೆ, ಗಾಜಿನ ಸಮೇತ ಇಳಿಸಿದರು. ಅದರಲ್ಲಿ ಡೆಲ್ಮಾರ ತಾಯಿಯ ಕಾಲದ ದಪ್ಪ ಬಾಟಲಿಗಳೂ ಇದ್ದವು.

"ಬಾಟಲಿ ಹೋಗ್ಲಿ ಬಿಡಿ," ಎಂದು ಡೆಲ್ಮಾ ಮೊಟ್ಟೆ ಒರೆಸುತ್ತಾರೆ. "ಆ ಹತ್ತೊಂಬತ್ತನ್ನೂ ಮರಿಯಿಂದ ಸಾಕಿದ್ದೆ. ತಿನ್ನೋಕೆ ಅಂತ ಕೊಯ್ದ್ರೆ ಅದಕ್ಕೊಂದು ಲೆಕ್ಕ ಇರತ್ತೆ. ಇವು ಸುಮ್ನೆ ಸತ್ವು. ನನ್ನ ಸೋಮಾರಿತನಕ್ಕೆ."

ಈಗ ಪಾತ್ರೆಗೆ ಹೊಸ ಮಾಪಕ ಬಂದಿದೆ. ಹಳೆಯದು ಒಲೆಯ ಮೇಲಿನ ಮೊಳೆಗೆ ನೇತಾಡುತ್ತಿದೆ. ಚಮಚದ ಪಾಠ ಕಲಿಯಲು ಬಂದವರಿಗೆ ಮೊದಲು ತೋರಿಸುವುದು ಅದನ್ನೇ.

ಏಳು ಗಂಟೆಗೆ ಮರ್ವ್ ಬಂದು ಮೇಜಿಗೆ ಕೂರುತ್ತಾರೆ. ದಬ್ ಎಂದ ಬಾಟಲಿಯ ಪೇರ್ ಅವರ ತಟ್ಟೆಗೆ ಬೀಳುತ್ತದೆ. ಚಮಚ ಬಾಯಿಗೆ ಹೋಗುವ ಮೊದಲು ಮೂಗಿನ ಹತ್ತಿರ ನಿಲ್ಲುತ್ತದೆ. ಡೆಲ್ಮಾ ನೋಡುತ್ತಿರುವುದು ಗೊತ್ತಾಗಿ ಮುದುಕ ನಾಚುತ್ತಾರೆ.

"ಮೂಸು, ಮರ್ವ್, ಚೆನ್ನಾಗಿ ಮೂಸು," ಎನ್ನುತ್ತಾರೆ ಡೆಲ್ಮಾ, ಇನ್ನೊಂದು ಹೋಳು ಬಡಿಸುತ್ತಾ. "ನೀನು ಮೂಸದೇ ತಿನ್ನೋವರೆಗೂ ನಾನು ಬಡಿಸ್ತಾನೇ ಇರ್ತೀನಿ."